ಹೊಲಿಗೆ ಮೆಷಿನ್ನಿನ ಸುತ್ತ ಅಮೆರಿಕ

ಆ ಬೀದಿಯಲ್ಲಿ ಅವಳನ್ನು ಈಗ ಎಲ್ಲರೂ ಗೇಟಕ್ಕ ಎನ್ನುತ್ತಾರೆ. ಹೊಸದಾಗಿ ಬಂದವರು ಅವಳ ಮನೆಗೆ ದೊಡ್ಡದೊಂದು ಗೇಟಿರಬೇಕು ಎಂದು ಹುಡುಕಿಕೊಂಡು ಹೋಗಿ, ಕೀಲು ಸಡಿಲಾದ ತಗಡಿನ ಬಾಗಿಲೊಂದನ್ನು ಕಂಡು ಕಣ್ಣು ಕಣ್ಣು ಬಿಡುತ್ತಾರೆ. ಮೊದಲು ಅವಳು ಹೊಲಿಗೆ ಅಕ್ಕ ಆಗಿದ್ದಳು. ಗೇಟಕ್ಕ ಆದದ್ದು ಅಮೆರಿಕದ ದೆಸೆಯಿಂದ. ಹಾಗೆಂದು ಅವಳೇನೂ ಅಮೆರಿಕಕ್ಕೆ ಹೋದವಳಲ್ಲ. ಅಮೆರಿಕವೇ ಅವಳಿದ್ದಲ್ಲಿಗೆ ಬಂತು, ಅದೂ ಹೇಳದೆ ಕೇಳದೆ.

ಮನೆಯ ಹಿಂದೆ ಸಣ್ಣ ತೋಟ, ತೋಟದ ಮೂಲೆಯಲ್ಲೊಂದು ಶೆಡ್ಡು. ಮುರಿದ ಸೈಕಲ್ಲು, ಒಣಗಿದ ಬಣ್ಣದ ಡಬ್ಬಿ, ಹಿಡಿಯಿಲ್ಲದ ಗುದ್ದಲಿ ತುಂಬಿದ್ದ ಆ ಶೆಡ್ಡನ್ನು ಅವಳು ಒಬ್ಬಳೇ ಖಾಲಿ ಮಾಡಿ, ಗುಡಿಸಿ, ಸುಣ್ಣ ಬಳಿದು, ನಡುಮಧ್ಯೆ ಕಿಟಕಿಯ ಬೆಳಕು ಬೀಳುವ ಕಡೆ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದಳು. ಹತ್ತಿರದ ಹೆರಿಗೆ ಆಸ್ಪತ್ರೆಗೆ ನರ್ಸುಗಳ ಕೋಟು, ಬಾಣಂತಿಯರ ಗೌನು, ಅಂಗೈಯಗಲದ ಮಗುವಿನ ಅಂಗಿಗಳನ್ನು ಹೊಲಿದುಕೊಡುವುದು ಅವಳ ಕೆಲಸ. ಮನೆಯೊಳಗೆ ಅವಳಿಗೆ ಎಲ್ಲೆಲ್ಲೂ ಕೆಲಸವಿತ್ತು, ಎಲ್ಲೂ ಜಾಗವಿರಲಿಲ್ಲ. ಶೆಡ್ಡಿನಲ್ಲಿ ಕೂತರೆ ಮಾತ್ರ, ಉಪ್ಪೆಲ್ಲಿ ಎಂದು ಕೇಳಬೇಕಾದವರು ಚಪ್ಪಲಿ ಮೆಟ್ಟಿಕೊಂಡು ತೋಟ ದಾಟಿ ಬರಬೇಕಿತ್ತು. ಅಷ್ಟು ಕಷ್ಟಪಡಬೇಕು ಅಂದಾಗ ಉಪ್ಪು ತಾನಾಗಿಯೇ ಅವರ ಕಣ್ಣಿಗೆ ಬೀಳುತ್ತಿತ್ತು.

ಗಂಡ ಬಸ್ ಕಂಡಕ್ಟರ್. ಓಡಿ ಬರುವವರನ್ನು ಬಿಟ್ಟು ಬಸ್ಸು ಹೊರಡಿಸಿದವನಲ್ಲ ಎಂಬುದು ಅವನ ಜೀವಮಾನದ ಹೆಮ್ಮೆ. "ಹತ್ತೋರಿದ್ದಾಗ ಗಾಡಿ ಬಿಡೋದು ಪಾಪ" ಎನ್ನುತ್ತಿದ್ದ. ಆದರೆ ನಿವೃತ್ತನಾದ ಮೇಲೆ ಅವನಿಗೆ ಬಸ್ಸಿನ ಹೆಸರೆತ್ತಿದರೂ ಆಗುತ್ತಿರಲಿಲ್ಲ. ದಿನವಿಡೀ ಫೋನಿನಲ್ಲಿ ಅಮೆರಿಕದ ಗೂಡ್ಸ್ ರೈಲುಗಳನ್ನು ನೋಡುತ್ತ ಕೂರುತ್ತಿದ್ದ.

"ನೋಡೇ, ಎಷ್ಟುದ್ದ ಇದೆ. ಊರಿಂದೂರಿಗೆ ಡಬ್ಬಿಗಳೇ ಡಬ್ಬಿಗಳು. ಒಬ್ಬನೂ ಚಿಲ್ಲರೆ ಕೇಳೋನಿಲ್ಲ."

ಒಂದು ಬೆಳಿಗ್ಗೆ ಅವನು ಶೆಡ್ಡಿಗೆ ಬಂದು ಗೋಡೆಗಳನ್ನು ಗೇಣು ಹಾಕಿ ಅಳೆದ.

"ಒಂದೇ ಒಂದು ಗೋಡೆ ಕಣೇ. ಹಲಗೆ ಹೊಡೆದು, ಹಳಿ ಹಾಕಿ, ಅಮೆರಿಕದ್ದೇ ಪುಟ್ಟ ಆಟದ ರೈಲು ಮಾಡ್ತೀನಿ. ನಿನ್ನ ಮೆಷಿನ್ನಿಗೆ ಏನು ತೊಂದರೆ?"

ಗೋಡೆ ಹಿಡಿದ ಗೆದ್ದಲು ಒಂದೇ ಗೋಡೆಗೆ ನಿಲ್ಲುತ್ತದೆಯೇ? ಸ್ವಲ್ಪ ದಿನಕ್ಕೆ ರೈಲು ಗೋಡೆಯ ಕೊನೆ ಮುಟ್ಟಿ ನಿಂತಿತು.

"ಹೋಗಿರೋ ರೈಲು ವಾಪಸ್ ಬರೋದು ಬೇಡ್ವಾ?" ಎಂದ ಅವನು.

"ಹೋದರೆ ಹೋಗಲಿ ಬಿಡೋ, ಅಲ್ಲೇ ಚೆನ್ನಾಗಿರಲಿ" ಎಂದಳು ಅವನ ತಾಯಿ. ಎಂಬತ್ತು ದಾಟಿದ ಆ ಅತ್ತೆಗೆ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ರೈಲು ವಾಪಸ್ ಬರಲೆಂದು ಹಲಗೆ ನಾಲ್ಕೂ ಗೋಡೆ ಸುತ್ತಿತು, ಸೊಂಟದೆತ್ತರಕ್ಕೆ. ಬಾಗಿಲ ಜಾಗದಲ್ಲಿ ಒಂದು ಸೇತುವೆ ಬಂತು. ಬೇಕೆಂದಾಗ ಎತ್ತಿ ಪಕ್ಕಕ್ಕಿಡಬಹುದು ಎಂದು ಅವನು ಹೇಳಿದ. ಆದರೆ ಬೇಕೆಂದಾಗಲೆಲ್ಲ ಅದರ ಮೇಲೆ ರೈಲಿರುತ್ತಿತ್ತು, ಇಲ್ಲವೇ ಇನ್ನೇನು ಬರುವುದರಲ್ಲಿರುತ್ತಿತ್ತು. ಅವಳು ಬಟ್ಟೆಯ ಗಂಟು ಎದೆಗವಚಿಕೊಂಡು ಸೇತುವೆಯಡಿ ನುಸುಳಿ ಒಳಗೆ ಹೋಗುವುದು, ನುಸುಳಿ ಹೊರಗೆ ಬರುವುದು ಶುರುವಾಯಿತು. ಆಸ್ಪತ್ರೆಯ ಹಿರಿಯ ನರ್ಸು ಅಳತೆ ಕೊಡಲು ಬಂದು, ಮೊಣಕಾಲೂರಿ ಒಳಗೆ ತೆವಳಿ, "ಅಕ್ಕಾ, ನಾನು ಹೆರಿಗೆ ಎಷ್ಟೋ ನೋಡಿದೀನಿ, ಹೀಗೆ ವಾಪಸ್ ಹೋಗೋದನ್ನ ನೋಡಿರಲಿಲ್ಲ" ಎಂದಳು.

ಅಮೆರಿಕ ಕಟ್ಟಿದ್ದು ಗಂಡ. ಹಾಗೆಂದು ಅವನು ಎಲ್ಲರಿಗೂ ಹೇಳಿದ. ಅಮೆರಿಕದ ಬೆಟ್ಟಗಳು ಮಾತ್ರ ಅವಳ ಹಳೆಯ ಹಾಸುಹೊದಿಕೆಗಳು. ಪ್ಲಾಸ್ಟರಿನಲ್ಲಿ ಅದ್ದಿ, ಹಿಂಡಿ, ಮಡಿಕೆ ಮಡಿಕೆಯಾಗಿ ಹರವಿದವಳು ಅವಳು, ಏಕೆಂದರೆ ಹಿಂಡುವುದು ಅವಳಿಗೆ ಅಭ್ಯಾಸ. ಕೆಂಪು ಮರುಭೂಮಿ ಅವಳು ಸೋಸಿ ಒಣಗಿಸಿದ ಚಹಾದ ಚರಟ ಮತ್ತು ಇಟ್ಟಿಗೆ ಪುಡಿ. ಕಾಡು ಬೇಕೆಂದು ಪಾತ್ರೆ ಉಜ್ಜುವ ಹಸಿರು ನಾರೆಲ್ಲ ಕಾಡಿಗೆ ಹೋಯಿತು. ಪಾತ್ರೆ ಜಿಡ್ಡು ಹಿಡಿದಾಗ, ಸರಿಯಾಗಿ ಉಜ್ಜೋಕೆ ಬರಲ್ವಾ ಎಂದು ಕೇಳಿದವನೂ ಅವನೇ.

"ಬರುತ್ತೆ" ಎಂದಳು ಅವಳು. "ನಿಮ್ಮ ಕಾಡು ಕಡಿದುಕೊಂಡು ಬರ್ಲಾ?"

ಮೇಲಾಗಿ ಧೂಳು. ಹಳಿಯ ಮೇಲೆ ಒಂದೆಳೆ ನೂಲು ಬಿದ್ದರೂ ರೈಲಿಗೆ ಕರೆಂಟು ತಪ್ಪಿ ನಿಂತುಬಿಡುತ್ತಿತ್ತು. ನೂಲು ಹೊಲಿಗೆಯದ್ದಾದ್ದರಿಂದ ಒರೆಸುವ ಕೆಲಸವೂ ಹೊಲಿಗೆಯವಳದ್ದು ಎಂದು ತೀರ್ಮಾನವಾಯಿತು. ಬೆಳಿಗ್ಗೆ ಮನೆ ಗುಡಿಸಿ, ಅಂಗಳ ಗುಡಿಸಿ, ಆಮೇಲೆ ಮೆತ್ತನೆ ಬಟ್ಟೆ ಹಿಡಿದು ಅವಳು ಅಮೆರಿಕದ ಈ ಕರಾವಳಿಯಿಂದ ಆ ಕರಾವಳಿಗೆ ಹಳಿ ಒರೆಸುತ್ತಿದ್ದಳು. ಮನೆಗೆಲಸಕ್ಕೆ ಒಂದು ಖಂಡವೇ ಜಾಸ್ತಿಯಾದಂತಾಯಿತು.

ಹಾಗೆ ಒರೆಸುವಾಗಲೇ ಅವಳಿಗೆ ಆ ಊರು ಕಣ್ಣಿಗೆ ಬಿದ್ದದ್ದು. ಬೆಟ್ಟದ ಬುಡದಲ್ಲಿ ಗಂಡ ಒಂದು ಪಟ್ಟಣ ಕೂರಿಸಿದ್ದ. ಧಾನ್ಯದ ಗೋದಾಮು, ನೀರಿನ ಟ್ಯಾಂಕು, ಕಂಬಕ್ಕೆ ಕಟ್ಟಿದ ಕುದುರೆ, ಸಾಲು ಮನೆ. ಬೆರಳ ಗಣ್ಣಿನಷ್ಟು ಎತ್ತರದ ಜನ ಹ್ಯಾಟು ಹಾಕಿಕೊಂಡು ಅಲ್ಲಲ್ಲಿ ನಿಂತಿದ್ದರು.

"ಅಲ್ರೀ, ಈ ಊರಲ್ಲಿ ಹೆಂಗಸರೇ ಇಲ್ವಾ?"

"ಇದ್ದಾರೆ. ಮನೆ ಒಳಗಿದ್ದಾರೆ."

ಅವಳು ಒಂದೊಂದೇ ಮನೆಯ ಸೂರು ಎತ್ತಿ ನೋಡಿದಳು. "ಒಳಗೂ ಇಲ್ಲ."

"ಅಡುಗೆ ಮನೇಲಿರ್ತಾರೆ."

"ಅಡುಗೆ ಮನೇನೂ ಇಲ್ಲ. ಮತ್ತೆ ಇಷ್ಟು ಜನ ಗಂಡಸರು ಏನು ತಿಂತಾರೆ?"

"ಅಯ್ಯೋ, ಅವರು ಗೊಂಬೆಗಳು ಕಣೇ."

"ಅದಕ್ಕೇ ಬದುಕಿದ್ದಾರೆ."

ಮರುದಿನ ಅವಳು ಎರಡು ಗುಂಡುಸೂಜಿ ನೆಟ್ಟು, ನಡುವೆ ದಾರ ಕಟ್ಟಿ, ಚಿಂದಿಯಲ್ಲಿ ಉಗುರಗಲದ ಅಂಗಿ ಚಡ್ಡಿಗಳನ್ನು ಕತ್ತರಿಸಿ ಒಣಹಾಕಿದಳು. ಗಂಡ ಕಿತ್ತು ಹಾಕಿದ. ಅಮೆರಿಕದಲ್ಲಿ ಯಾರೂ ಬಟ್ಟೆ ಹೊರಗೆ ಒಣಹಾಕಲ್ಲ ಎಂದ. ಹಾಗಾದರೆ ಒದ್ದೆಯದನ್ನೇ ಹಾಕ್ಕೋತಾರಾ ಎಂದು ಕೇಳಿ ಅವಳು ಮತ್ತೆ ಕಟ್ಟಿದಳು. ಅವನು ಕೀಳುವುದು, ಅವಳು ಕಟ್ಟುವುದು, ಹೀಗೆ ಆ ಪಟ್ಟಣದ ಬಟ್ಟೆ ಬಿಸಿಲು ಕಂಡಿತು.

ಇಷ್ಟೆಲ್ಲ ಆದರೂ ರೈಲು ಹೊರಡಬೇಕಾದರೆ ಅವಳೇ ಬೇಕಾಗಿತ್ತು. ಅದೊಂದು ವಿಚಿತ್ರ. ಗುಂಡಿ ತಿರುಗಿಸಿದರೆ ಸಾಕು, ರೈಲು ಓಡುತ್ತದೆ. ಆದರೆ ಕಂಡಕ್ಟರನ ಕೈ ತಿರುಗುತ್ತಿರಲಿಲ್ಲ. ಬಸ್ಸಿನಲ್ಲಿ ಅವನು ನಿಲ್ಲಿಸಲು "ಹೋಲ್ಡಾನ್" ಎನ್ನುತ್ತಿದ್ದ, ಹೊರಡಲು "ರೈಟ್" ಎನ್ನುತ್ತಿದ್ದ. ರೈಟ್ ಎನ್ನದೆ ಗಾಡಿ ಮುಂದೆ ಹೋದದ್ದೇ ಇಲ್ಲ. ಈಗ ಡ್ರೈವರ್ ತಾನೇ ಆಗಿದ್ದರಿಂದ ರೈಟ್ ಎನ್ನಲು ಇನ್ನೊಬ್ಬರು ಬೇಕು. ತಾನೇ ರೈಟ್ ಹೇಳಿ ತಾನೇ ಓಡಿಸುವುದೆಂದರೆ ತನ್ನ ಬೆನ್ನು ತಾನೇ ತಟ್ಟಿಕೊಂಡಂತೆ ಅಸಹ್ಯವೆನಿಸುತ್ತಿತ್ತು ಅವನಿಗೆ.

"ಲೇ, ರೈಟ್ ಹೇಳೇ."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವಳು "ಐಟ್" ಎನ್ನುತ್ತಿದ್ದಳು. ಅಷ್ಟಕ್ಕೆ ಅಮೆರಿಕ ಅಲ್ಲಾಡುತ್ತಿತ್ತು.

ಹೀಗಿರುವಾಗ ಆಟದ ರೈಲು ಕಟ್ಟುವವರ ಸಂಘವೊಂದು ಅವನನ್ನು ಪತ್ತೆಹಚ್ಚಿತು. ಅದರ ಅಧ್ಯಕ್ಷ ಒಬ್ಬ ಹಲ್ಲಿನ ಡಾಕ್ಟರು. ಭಾನುವಾರ ಬಂದು ನೋಡುತ್ತೇವೆ ಎಂದ ಡಾಕ್ಟರು ಫೋನಿನಲ್ಲೇ ಒಂದು ಮಾತು ಸೇರಿಸಿದರು. ಅಮೆರಿಕದ ಮಾದರಿ ಎಂದ ಮೇಲೆ ಯಾರ್ಡು ಇರಲೇಬೇಕು. ಡಬ್ಬಿಗಳನ್ನು ವಿಂಗಡಿಸಿ ಬೇರೆ ಬೇರೆ ಸಾಲಿಗೆ ಹಚ್ಚುವ ಜಾಗ ಅದು. ಯಾರ್ಡಿಲ್ಲದ ಅಮೆರಿಕ ಹಲ್ಲಿಲ್ಲದ ಬಾಯಿ.

ಯಾರ್ಡಿಗೆ ಉಳಿದಿದ್ದ ಜಾಗ ಒಂದೇ, ಶೆಡ್ಡಿನ ನಡುಮಧ್ಯ.

ಅವಳು ಆಸ್ಪತ್ರೆಗೆ ಗೌನು ಕೊಟ್ಟು ಬರುವಷ್ಟರಲ್ಲಿ ಮೆಷಿನ್ನು ಮನೆಯೊಳಗೆ ಬಂದಿತ್ತು, ಅಡುಗೆ ಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗಕ್ಕೆ. ಶೆಡ್ಡಿನಲ್ಲಿ ಅವನು ಬಾಗಿಲ ಸೇತುವೆಗೆ ಅಂಟು ಸುರಿದು ಮೊಳೆ ಹೊಡೆಯುತ್ತಿದ್ದ.

"ಇನ್ನು ಎತ್ತೋ ತಾಪತ್ರಯ ಇಲ್ಲ ನೋಡು. ನಿನಗೂ ಅನುಕೂಲ. ಹೊಲೀತಾ ಹೊಲೀತಾ ಒಲೆ ಕಡೆನೂ ಒಂದು ಕಣ್ಣಿಡಬಹುದು."

"ನನಗಿರೋದು ಎರಡೇ ಕಣ್ಣು" ಎಂದಳು ಅವಳು. ಅವನು ಸುತ್ತಿಗೆಯ ಸದ್ದಿನಲ್ಲಿ ಕೇಳಿಸಿಕೊಳ್ಳಲಿಲ್ಲ.

ಓಣಿಯಲ್ಲಿ ಬೆಳಕಿಲ್ಲ. ಬಚ್ಚಲ ಬಾಗಿಲು ತೆರೆದರೆ ಮೊಣಕೈಗೆ ಬಡಿಯುತ್ತಿತ್ತು. ಅತ್ತೆ ಹೋಗಬೇಕೆಂದರೆ ಅವಳು ಎದ್ದು ನಿಲ್ಲಬೇಕು, ಬರಬೇಕೆಂದರೆ ಮತ್ತೆ ಏಳಬೇಕು. ಒಲೆಯ ಹಬೆ ಹತ್ತಿ ಬಿಳಿ ಬಟ್ಟೆ ತೇವವಾಗುತ್ತಿತ್ತು. ಅಲ್ಲಿ ಅವಳು ಕೂತಿದ್ದಾಳೆಂದು ತಿಳಿದ ಮೇಲೆ ಮನೆಯ ಉಪ್ಪು, ಟವೆಲು, ಕನ್ನಡಕ, ಬೆಂಕಿಪೊಟ್ಟಣ ಎಲ್ಲ ಒಟ್ಟಿಗೇ ಕಳೆದುಹೋಗತೊಡಗಿದವು.

ಶನಿವಾರ ಹಿರಿಯ ನರ್ಸು ಬಂದು ಒಂದು ಮಗುವಿನ ಅಂಗಿಯನ್ನು ಅವಳ ಮಡಿಲಿಗಿಟ್ಟಳು. ಅದರ ತೋಳುಗಳ ತುದಿ ಎರಡೂ ಮುಚ್ಚಿಕೊಂಡು ಹೊಲಿಗೆ ಬಿದ್ದಿತ್ತು.

"ಅಕ್ಕಾ, ಇದರೊಳಗೆ ಕೈ ಹೋಯ್ತು, ಹೊರಗೆ ಬರೋ ದಾರೀನೇ ಇಲ್ಲ. ಮಗು ಬಾಕ್ಸಿಂಗ್‌ಗೆ ಹೊರಟ ಹಾಗಿತ್ತು. ನಾನೇನೋ ನಕ್ಕೆ, ಮೇಲಿನವರು ನಗಲಿಲ್ಲ. ಇನ್ನೊಂದು ಸಲ ಹೀಗಾದ್ರೆ ಕೆಲಸ ಬೇರೆಯವರಿಗೆ ಕೊಡ್ತಾರಂತೆ."

ನರ್ಸು ಹೋದ ಮೇಲೆ ಅವಳು ಆ ಅಂಗಿಯ ಹೊಲಿಗೆ ಬಿಚ್ಚುತ್ತ ಬಹಳ ಹೊತ್ತು ಕೂತಳು. ಅಷ್ಟು ವರ್ಷದಲ್ಲಿ ಅವಳ ಕೈಯಿಂದ ಒಂದು ತೋಳು ಮುಚ್ಚಿಹೋದದ್ದಿರಲಿಲ್ಲ.

ಭಾನುವಾರ ಸಂಘದವರು ಬಂದರು. ಹಲ್ಲಿನ ಡಾಕ್ಟರು, ಒಬ್ಬ ಔಷಧಿ ಅಂಗಡಿಯವನು, ಒಬ್ಬ ವಿಜ್ಞಾನದ ಮೇಷ್ಟ್ರು. ಮೂವರೂ ಸೇತುವೆಯಡಿ ತೆವಳಿ ಒಳಗೆ ಹೋಗಿ, ಮೊಣಕಾಲಿನ ಧೂಳು ಕೊಡವಿಕೊಂಡು, ಬೆಟ್ಟ ನೋಡಿ ತಲೆದೂಗಿದರು. ಮರುಭೂಮಿ ನೋಡಿ ಬೆರಳಲ್ಲಿ ಮುಟ್ಟಿ ಮೂಸಿದರು. ಔಷಧಿಯವನು "ಚಹಾ ವಾಸನೆ" ಎಂದ. ಡಾಕ್ಟರು ಪಟ್ಟಣದ ಮುಂದೆ ಬಗ್ಗಿ, "ಈ ಬಟ್ಟೆ ಒಣಹಾಕಿರೋದು ಅದ್ಭುತ. ಇದೊಂದ್ರಿಂದ ಊರಿಗೆ ಜೀವ ಬಂದಿದೆ" ಎಂದರು.

"ನಾನೇ ಮಾಡಿದ್ದು" ಎಂದ ಕಂಡಕ್ಟರ್. ಅವಳು ಚಹಾದ ತಟ್ಟೆ ಹಿಡಿದು ಬಾಗಿಲ ಆಚೆ ನಿಂತಿದ್ದಳು. ಸೇತುವೆ ಅವಳ ಸೊಂಟಕ್ಕೆ ತಾಗುತ್ತಿತ್ತು. ಪಕ್ಕದಲ್ಲಿ ಸ್ಟೂಲು ಹಾಕಿಸಿಕೊಂಡು ಅತ್ತೆ ತಮಾಷೆ ನೋಡಲು ಕೂತಿದ್ದಳು.

ಕಲ್ಲಿದ್ದಲಿನ ಡಬ್ಬಿಗಳನ್ನು ಕಟ್ಟಿಕೊಂಡ ಉದ್ದನೆಯ ರೈಲು ಸಿದ್ಧವಾಗಿತ್ತು. ಕಂಡಕ್ಟರ್ ಗುಂಡಿಯ ಮೇಲೆ ಕೈಯಿಟ್ಟ. ಕೈ ಅಲ್ಲೇ ನಿಂತಿತು.

"ಲೇ, ರೈಟ್ ಹೇಳೇ" ಎಂದ ಮೆಲ್ಲಗೆ.

ಅವಳು ತಟ್ಟೆಯನ್ನು ಸೇತುವೆಯ ಮೇಲೆ, ಹಳಿಗಡ್ಡವಾಗಿ ಇಟ್ಟಳು.

"ಹೋಲ್ಡಾನ್."

ಡಾಕ್ಟರಿಗೆ ಅರ್ಥವಾಗಲಿಲ್ಲ. "ಗುಂಡಿ ತಿರುಗಿಸಿ ಸಾಕು" ಎಂದರು. ಅವನ ಮುಖ ನೋಡಿ, "ಸರಿ, ನಾನೇ ಹೇಳ್ತೀನಿ, ರೈಟ್" ಎಂದರು.

ಕಂಡಕ್ಟರನ ಬೆನ್ನು ನೆಟ್ಟಗಾಯಿತು. "ನೀವು ಹೇಳಿದ್ರೆ ಆಗಲ್ಲ ಸಾರ್. ನೀವು ಪ್ಯಾಸೆಂಜರು. ಪ್ಯಾಸೆಂಜರ್ ರೈಟ್ ಹೇಳಿದ್ರೆ ಗಾಡಿ ಬಿಡೋ ಹಾಗಿದ್ರೆ ಕಂಡಕ್ಟರ್ ಯಾಕೆ ಬೇಕಿತ್ತು?"

ಸಂಘದ ಮೂವರೂ ಅಮೆರಿಕದ ನಡುವೆ ನಿಂತು ಹೊರಡದ ರೈಲನ್ನು ನೋಡಿದರು. ಚಹಾ ಆರುತ್ತಿತ್ತು.

"ಯಾಕೆ ಹೋಲ್ಡಾನು?" ಎಂದ ಅವನು ಕೊನೆಗೆ.

"ಹತ್ತೋರಿದ್ದಾರೆ."

"ಯಾರು?"

"ನಾನು. ನನ್ನ ಮೆಷಿನ್ನು. ನಮ್ಮನ್ನ ಬಚ್ಚಲ ಹತ್ರ ಇಳಿಸಿ ಬಂದುಬಿಟ್ರಿ. ಅದು ನಮ್ಮ ಸ್ಟಾಪ್ ಅಲ್ಲ."

"ಈಗ ಬೇಡ ಕಣೇ. ಜನ ಇದ್ದಾರೆ. ಆಮೇಲೆ ನೋಡೋಣ."

"ಆಮೇಲೆ ಅನ್ನೋ ಬಸ್ಸಿಗೆ ನಾನು ಮದುವೆ ಆದಾಗಿಂದ ಕಾಯ್ತಾ ಇದೀನಿ."

ಸ್ಟೂಲಿನ ಮೇಲಿನಿಂದ ಅತ್ತೆ ಬಾಯಿ ಹಾಕಿದಳು. "ಹತ್ತೋರಿದ್ದಾಗ ಗಾಡಿ ಬಿಡೋದು ಪಾಪ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆಯಲ್ಲೋ. ಅದು ಬರೀ ಊರಿನವರಿಗೇನೋ?"

ಕಂಡಕ್ಟರ್ ಗುಂಡಿಯಿಂದ ಕೈ ತೆಗೆದ. ಅವನ ಕಿವಿ ಕೆಂಪಾಗಿತ್ತು. ಉಳಿದದ್ದೇನನ್ನು ಬಿಟ್ಟುಕೊಟ್ಟರೂ ಆ ಒಂದು ಮಾತನ್ನು ಬಿಟ್ಟುಕೊಡಲು ಅವನಿಗೆ ಸಾಧ್ಯವಿರಲಿಲ್ಲ.

ಯಾರ್ಡಿನ ಹಲಗೆಗೆ ಅದೃಷ್ಟವಶಾತ್ ಇನ್ನೂ ಮೊಳೆ ಬಿದ್ದಿರಲಿಲ್ಲ. ಅದನ್ನು ಸೇತುವೆಯ ಮೇಲಿಂದ ದಾಟಿಸಿ ಹೊರಗೆ ತಂದರು. ಆದರೆ ಮೆಷಿನ್ನು ಭಾರ, ಮೇಲಿಂದ ಎತ್ತಲಾಗದು; ಎತ್ತರ, ಕೆಳಗಿಂದ ನುಸುಳದು. ಸೇತುವೆಯೋ ಅಂಟು ಕುಡಿದು ಮೊಳೆ ಕಚ್ಚಿ ಕೂತಿದೆ. ಸಂಘದವರು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಅವಳು ಮನೆಯೊಳಗೆ ಹೋಗಿ ಗರಗಸ ತಂದು ಗಂಡನ ಕೈಗೆ ಕೊಟ್ಟಳು. ಅವನು ಒಂದು ತುದಿಯಿಂದ ಸೇತುವೆ ಕೊಯ್ದ. ಕೊಯ್ಯುವಾಗ ಅವನು ಬೇರೆ ಕಡೆ ನೋಡುತ್ತಿದ್ದುದನ್ನು ಕಂಡು, ಬೆರಳು ಜೋಪಾನ ಎಂದು ಅವಳು ಎರಡು ಸಲ ಹೇಳಿದಳು. ಇನ್ನೊಂದು ತುದಿಗೆ ಮೇಷ್ಟ್ರು ಬಾಗಿಲಿನ ಕೀಲು ಜೋಡಿಸಿಕೊಟ್ಟರು. ಈಗ ಸೇತುವೆ ಗೇಟಿನಂತೆ ತೆರೆಯುತ್ತಿತ್ತು. ಡಾಕ್ಟರೂ ಔಷಧಿಯವನೂ ಮೆಷಿನ್ನನ್ನು ಎತ್ತಿ, ಏದುಸಿರು ಬಿಡುತ್ತ, ಕಿಟಕಿಯ ಬೆಳಕಿಗೆ ತಂದಿಟ್ಟರು.

"ನನ್ನ ಹೆಂಡತಿಗೆ ಈ ವಿಷಯ ಯಾರೂ ಹೇಳಬೇಡಿ" ಎಂದರು ಡಾಕ್ಟರು, ಬೆವರೊರೆಸಿಕೊಳ್ಳುತ್ತ. "ನಮ್ಮನೇಲಿ ರೈಲಿರೋದು ಊಟದ ಮೇಜಿನ ಮೇಲೆ."

ಅವಳು ಕೂತಳು. ಸೂಜಿಗೆ ದಾರ ಪೋಣಿಸಿದಳು. ಮಗುವಿನ ಅಂಗಿಯ ತೋಳನ್ನು ಸೂಜಿಯಡಿ ಇಟ್ಟು, ಪೆಡಲಿನ ಮೇಲೆ ಕಾಲೂರಿ, ಆಮೇಲೆ ಹೇಳಿದಳು.

"ರೈಟ್."

ರೈಲೂ ಮೆಷಿನ್ನೂ ಒಟ್ಟಿಗೆ ಹೊರಟವು. ಕಾಡು ದಾಟಿ, ಒಣಗುತ್ತಿದ್ದ ಚಡ್ಡಿಗಳ ಮುಂದೆ ಹಾದು, ಮರುಭೂಮಿಯ ತಿರುವಿನಲ್ಲಿ ರೈಲು ಗಕ್ಕನೆ ನಿಂತಿತು.

"ನೂಲು" ಎಂದ ಅವನು, ಅಭ್ಯಾಸದಂತೆ ಅವಳ ಕಡೆ ತಿರುಗಿ.

"ಒರೆಸೋ ಬಟ್ಟೆ ಕಿಟಕಿ ಮೇಲಿದೆ" ಎಂದಳು ಅವಳು, ತಲೆ ಎತ್ತದೆ.

ಸಂಘದ ಮೂವರೂ ಚಹಾ ಕುಡಿಯುತ್ತ ನೋಡುತ್ತಿರಲು ಕಂಡಕ್ಟರ್ ಎದ್ದು ಹೋಗಿ ಬಟ್ಟೆ ತೆಗೆದುಕೊಂಡ.

ಈಗ ಯಾರ್ಡು ಇರುವುದು ಅಡುಗೆ ಮನೆಗೂ ಬಚ್ಚಲಿಗೂ ನಡುವೆ. ಡಬ್ಬಿಗಳನ್ನು ವಿಂಗಡಿಸಲು ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿರುತ್ತಾನೆ, ಅತ್ತೆ ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಏಳುತ್ತಾನೆ. ಹಾಲು ಉಕ್ಕಿದರೆ ಹತ್ತಿರ ಇರುವವನು ಅವನೇ. ಶೆಡ್ಡಿನ ಗೇಟು ಅವಳ ಕೈಯಲ್ಲಿದೆ. ಹಿರಿಯ ನರ್ಸು ತಲೆಯೆತ್ತಿಕೊಂಡೇ ಒಳಗೆ ಬರುತ್ತಾಳೆ, ಅವಳು ಹೋಗುವವರೆಗೆ ಅಮೆರಿಕ ಕಾಯುತ್ತದೆ.

ಮೊನ್ನೆ ಓಣಿಯಲ್ಲಿ ಅತ್ತೆಯ ಧ್ವನಿ ಕೇಳಿಸಿತು.

"ಲೋ, ಉಪ್ಪೆಲ್ಲೋ?"

"ಎಡಗಡೆ, ಎರಡನೇ ಡಬ್ಬಿ" ಎಂದ ಅವನು.