ಸರೋಜಮ್ಮನವರು ಹಾಕದ ಸಹಿ

ಬೆಳಿಗ್ಗೆ ಉಗುರು ಕತ್ತರಿಸುತ್ತಿದ್ದೆ. ಈಚಿನ ಚುನಾವಣೆಯ ಶಾಯಿ ಉಗುರಿನ ಜೊತೆಗೇ ಬೆಳೆದು ತುದಿಗೆ ಬಂದಿತ್ತು. ಆ ಕಪ್ಪು ಚೂರು ಪೇಪರಿನ ಮೇಲೆ ಬಿದ್ದದ್ದೇ ತಡ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟೆ. ನಗಬೇಡಿ. ಕೆಲವರಿಗೆ ಹಾವು, ಕೆಲವರಿಗೆ ಇಂಜೆಕ್ಷನ್. ನನಗೆ ಈ ಶಾಯಿ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಲೋಕಸಭೆಗೆ ಒಂದು ಉಪಚುನಾವಣೆ ನಡೆಯಿತು. ಯಾರು ಗೆಲ್ಲುತ್ತಾರೆಂದು ಹಲಸೂರಿನ ಹೂವಿನವಳಿಗೂ ಗೊತ್ತಿತ್ತು. ಎದುರು ನಿಂತವರು ಠೇವಣಿ ಉಳಿದರೆ ಸಾಕೆಂದಿದ್ದರು. ಬಿ.ಕಾಂ. ಮುಗಿಸಿ ಆಗಷ್ಟೇ ಸರ್ಕಾರಿ ಗುಮಾಸ್ತನಾಗಿದ್ದ ನನ್ನನ್ನು ಶಿವಾಜಿನಗರದ ಒಂದು ಶಾಲೆಯ ಮತಗಟ್ಟೆಗೆ ಹಾಕಿದರು. ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಇದಕ್ಕೆ ಪದವಿ ಯಾಕೆ ಬೇಕಿತ್ತೆಂದು ಬೆಳಗಿನಿಂದ ಗೊಣಗುತ್ತಿದ್ದೆ.

ಮತಗಟ್ಟೆಯ ಮುಖ್ಯಸ್ಥೆ ಸರೋಜಮ್ಮ, ಹೊಸ ತಿಪ್ಪಸಂದ್ರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಆಗಿನ್ನೂ ಯಂತ್ರ ಬಂದಿರಲಿಲ್ಲ, ಕಾಗದದ ಮತಪತ್ರ. ಪ್ರತಿಯೊಂದರ ಬೆನ್ನಿಗೂ ಮುಖ್ಯಸ್ಥರ ಸಹಿ ಇರಬೇಕು; ಇಲ್ಲದಿದ್ದರೆ ಎಣಿಕೆಯಲ್ಲಿ ತಿರಸ್ಕಾರ. ಬೇರೆ ಕಡೆ ಬೆಳಿಗ್ಗೆಯೇ ಇಡೀ ಕಟ್ಟಿಗೆ ಸಹಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಮತದಾರ ಎದುರು ನಿಂತ ಮೇಲೆಯೇ ಒಂದಕ್ಕೆ ಹಾಕುವವರು.

“ಒಂದೇ ಸಲ ಹಾಕಿಟ್ಬಿಡಿ ಮೇಡಂ, ಬೇಗ ಆಗುತ್ತೆ,” ಎಂದೆ.

“ಬೇಗ ಮುಗಿಸಿ ಏನ್ ಮಾಡ್ತೀರಪ್ಪಾ? ಜನಾನೇ ಇಲ್ಲ.”

ಮಧ್ಯಾಹ್ನ ಪೇದೆ ಟೀಗೆ ಹೋಗಿದ್ದ. ಪಕ್ಷಗಳ ಏಜೆಂಟರೆಲ್ಲ ಬಿರಿಯಾನಿಗೆ, ಮಿಕ್ಕ ಸಿಬ್ಬಂದಿ ಊಟಕ್ಕೆ. ಆಗ ನಾಲ್ವರು ಒಳಗೆ ಬಂದರು. ಮುಂದಿದ್ದ ಬಿಳಿ ಅಂಗಿಯವನು ನಮಸ್ಕಾರ ಮಾಡಿ, ಮದುವೆ ಮನೆಯಲ್ಲಿ ತಾಂಬೂಲ ತೆಗೆದುಕೊಂಡಂತೆ ಮತಪತ್ರದ ಕಟ್ಟು ಎತ್ತಿಕೊಂಡ. ಒಂದಷ್ಟು ಹರಿದು ಮುದ್ರೆ ಒತ್ತತೊಡಗಿದರು.

“ಅಣ್ಣ ಹೆಂಗಿದ್ರೂ ಗೆಲ್ತಾರೆ ಮೇಡಂ. ಪಕ್ಕದ ಏರಿಯಾದೋರು ನಮಗಿಂತ ಜಾಸ್ತಿ ಲೀಡ್ ಕೊಟ್ಬಿಟ್ರೆ ಕಾರ್ಪೊರೇಷನ್ ಟಿಕೆಟ್ ಅವರಿಗೆ ಹೋಗುತ್ತೆ. ಅಷ್ಟೇ ವಿಷ್ಯ.”

ಗೆದ್ದಾಗಿರುವ ಚುನಾವಣೆಯಲ್ಲಿ ಗೆಲ್ಲುವವರೇ ಕಳ್ಳವೋಟು ಹಾಕುವುದನ್ನು ನಾನು ಅಂದೇ ಕಂಡದ್ದು.

“ಒತ್ತಪ್ಪ, ಒತ್ತು. ಹಿಂದೆ ನನ್ನ ಸಹಿ ಇಲ್ಲ. ಅದೆಲ್ಲ ರದ್ದಿ,” ಎಂದರು ಸರೋಜಮ್ಮ.

ಅವನು ಒಂದನ್ನು ತಿರುಗಿಸಿ ನೋಡಿದ. ಇನ್ನೊಂದನ್ನೂ ನೋಡಿದ. ಹಿಂದಿದ್ದವನಿಗೆ ಕಣ್ಸನ್ನೆ ಮಾಡಿದ. ಸರೋಜಮ್ಮನವರ ಬಲಗೈಯಿಂದ ಒಂದು ಗೇಣು ದೂರದಲ್ಲಿ, ಮೇಜಿನ ಮೇಲೆ, ಮಚ್ಚು ಬಂದು ಕೂತಿತು.

“ಹಾಕಿ.”

ಅವರು ಪೆನ್ನಿನ ಮುಚ್ಚಳ ಮುಚ್ಚಿದರು.

“ಹಾಕ್ಬಿಡಿ ಮೇಡಂ.” ಈ ದನಿ ನನ್ನದು.

ಅವರು ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ. ತಪ್ಪು ಉತ್ತರ ಹೇಳಿದವನಿಗೆ ಇನ್ನೊಂದು ಸಲ ಯೋಚಿಸಲು ಸಮಯ ಕೊಟ್ಟಂತಿತ್ತು.

ಅಷ್ಟರಲ್ಲಿ ಬುರ್ಖಾ ತೊಟ್ಟ ಮುದುಕಿಯೊಬ್ಬಳು ಚೀಟಿ ಹಿಡಿದು ಬಾಗಿಲಿಗೆ ಬಂದಳು. “ಓಟ್ ಐತಾ, ಊಟಕ್ಕೆ ಬಿಟ್ರಾ?”

“ಬನ್ನಿ ಅಮ್ಮಾ, ಇದೆ.” ಸರೋಜಮ್ಮ ಬಿಳಿ ಅಂಗಿಯವನತ್ತ ಕೈ ಚಾಚಿದರು. “ಕೊಡಪ್ಪ ಇಲ್ಲಿ. ಓಟರ್ ಬಂದಿದಾರೆ.”

ಅವನು ಕೊಟ್ಟುಬಿಟ್ಟ! ಅವರು ಒಂದೇ ಒಂದು ಮತಪತ್ರ ಬಿಡಿಸಿ, ಮಚ್ಚಿನ ಪಕ್ಕದಲ್ಲೇ ಇಟ್ಟುಕೊಂಡು, ಅಕ್ಷರ ಅಕ್ಷರವಾಗಿ ಸಹಿ ಹಾಕಿದರು. ನಾನು ಮುದುಕಿಯ ಬೆರಳಿಗೆಂದು ಹೋಗಿ ಅಂಗೈಗೆಲ್ಲ ಶಾಯಿ ಬಳಿದೆ.

“ಮೆಹಂದಿ ಹಾಕ್ತೀಯಾ ಬೇಟಾ?” ಎಂದಳು.

ಮಚ್ಚಿಟ್ಟವನು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ. ಅವಳು ಮತ ಹಾಕಿ ಹೋದಳು. ಸರೋಜಮ್ಮ ಮತ್ತೆ ಮುಚ್ಚಳ ಮುಚ್ಚಿದರು. ಬಿಳಿ ಅಂಗಿಯವನು ಈ ಸಲ ತಾನೇ ಮಚ್ಚೆತ್ತಿದ. ನಾನು ಕಣ್ಣು ಮುಚ್ಚಿದೆ. ತೆರೆದಾಗ ನಾಲ್ವರೂ ಇರಲಿಲ್ಲ. ಗೇಟಿನ ಬಳಿ ಪೊಲೀಸ್ ಜೀಪಿನ ಸದ್ದು. ಅದು ಎರಡು ನಿಮಿಷ ತಡವಾಗಿದ್ದರೆ? ಇಂದಿಗೂ ಕೇಳಿಕೊಳ್ಳುತ್ತೇನೆ.

ಸಂಜೆ ಸರೋಜಮ್ಮ ಮತಗಟ್ಟೆಯ ಡೈರಿಯಲ್ಲಿ ನಡೆದದ್ದನ್ನೆಲ್ಲ ಬರೆದರು. ಕೊನೆಯ ಸಾಲು: “ಸಿಬ್ಬಂದಿ ಧೈರ್ಯದಿಂದ ಸಹಕರಿಸಿದರು.” ಡೈರಿಯನ್ನು ನನ್ನತ್ತ ತಳ್ಳಿ, “ಓದಿ, ಸಾಕ್ಷಿ ಹಾಕಿ,” ಎಂದರು. ‘ಹಾಕ್ಬಿಡಿ’ ಎಂದ ನನ್ನ ಮಾತು ಅದರಲ್ಲಿರಲಿಲ್ಲ. ಸಹಿ ಹಾಕಿದೆ.

ಈ ಕಥೆಯನ್ನು ಆಫೀಸಿನ ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಅಂಥವರ ಪಕ್ಕದಲ್ಲಿ ಕೂತಿದ್ದೆನೆಂಬ ಬೆರಗು ಇನ್ನೂ ಇಳಿದಿಲ್ಲ. ಆದರೆ ಡೈರಿ ಬಿಟ್ಟದ್ದನ್ನು ನಾನೂ ಬಿಟ್ಟೇ ಹೇಳುತ್ತಿದ್ದೆ. ಇವತ್ತು ನನ್ನ ಮುಖ ನೋಡಿ ಹೆಂಡತಿ ಏನಾಯಿತೆಂದು ಕೇಳಿದಾಗ ಮೊದಲ ಸಲ ಪೂರ್ತಿ ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ನೀವು ಹಾಗಂದಾಗ ಆಯಮ್ಮ ಆ ರೂಮಲ್ಲಿ ಒಬ್ಬರೇ ಆಗ್ಬಿಟ್ರಲ್ವೇನ್ರೀ,” ಎಂದಳು.

ಇಷ್ಟು ವರ್ಷ ಮಚ್ಚನ್ನೇ ನೋಡುತ್ತಿದ್ದ ನನಗೆ ಅದು ಹೊಳೆದೇ ಇರಲಿಲ್ಲ.