ಬಾಜೂಮನಿಯಿಂದ ಬಂದ ಅಥಣಿ

ಚಿಕ್ಕೋಡಿಯಲ್ಲಿ ನಮಗೆ ಸಂಖ್ಯಾಶಾಸ್ತ್ರ ಕಲಿಸಿದ ಮೇಡಂ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ; ಸೆರಗು ಸಿಕ್ಕಿಸಿಕೊಂಡು ಹಿಂದೆ ನಿಂತರೆ ಅದೇ ನೆಟ್ಟಗಾಗುತ್ತಿತ್ತು. ಯಾವ ತಪ್ಪಿಗೂ ಅವರದು ಒಂದೇ ಪ್ರಶ್ನೆ: "ಮನ್ಯಾಗ ಐತೇನ?"

ಒಂದು ದಿನ ಮಧ್ಯಾಹ್ನ ನನ್ನ ಪ್ರಾಜೆಕ್ಟಿನ ಪರೀಕ್ಷೆ. ಕೊಟ್ಟ ಅಂಕಿಗಳ ಸರಾಸರಿ ತೆಗೆಯಲೆಂದು ಪ್ರೋಗ್ರಾಮಿನಲ್ಲಿ ನಾನು ಬರೆದ ಫಂಕ್ಷನ್ನಿಗೆ ಕಾಗವಾಡದ ದ್ರಾಕ್ಷಿ ಇಳುವರಿ ಕೊಟ್ಟರೂ ಅದು ಅಥಣಿಯ ಸರಾಸರಿಯನ್ನೇ ಒಪ್ಪಿಸುತ್ತಿತ್ತು. ಮೇಡಂ ಬಂದು ಹಿಂದೆ ನಿಂತರು.

"ತಮ್ಮಾ, ಬಂದ ಮಾಲಿಗೆ ಬಾಗಿಲದಾಗ 'ತೋಟ' ಅಂತ ಹೆಸರಿಟ್ಟಿ. ಒಳಗ 'ಇಳುವರಿ' ಅಂತ ಕರ್ಯಾಕತ್ತಿ. ಆ 'ಇಳುವರಿ' ಮನ್ಯಾಗ ಐತೇನ?"

"ಇಲ್ರಿ. ಫಂಕ್ಷನ್ನಿನ ಹೊರಗ ಐತ್ರಿ. ಮುಂಜಾನಿ ಅಥಣೀದು ಅಂಕಿ ಅದರಾಗ ಇಟ್ಟೀನ್ರಿ."

"ಮತ್ತ? ಒಳಗ ಇಲ್ಲದ್ದನ್ನ ಬಾಜೂಮನಿಯಿಂದ ಇಸ್ಕೊಂಡ ಬಂದೈತಿ, ನಿನಗ ಹೇಳದ ಕೇಳದ!"

ಒಳಗಿನ 'ಇಳುವರಿ'ಯನ್ನು 'ತೋಟ' ಎಂದು ತಿದ್ದಿ ಓಡಿಸಿದೆ. ಸಾಕ್ಷಾತ್ ಕಾಗವಾಡವೇ ಪರದೆಯ ಮೇಲೆ ಪ್ರತ್ಯಕ್ಷವಾಯಿತು. ರೋಮಾಂಚನಗೊಂಡು ತಿರುಗಿದರೆ ಮೇಡಂ ಇರಲಿಲ್ಲ. ಉತ್ತರ ಬರುವುದನ್ನೂ ಕಾಯದೆ ಚಹಾಕ್ಕೆ ಹೋಗಿದ್ದರು.