ಎರಡನೇ ಬೆರಳು

ಥೆಕ್ಲಾ ಓಗ್ರಿಸ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಫೆರ್ಲಾಖ್ ಊರಿನ ಸುತ್ತಿನ ಬೇಟೆಗಾರರು ಹೇಳುತ್ತಾರೆ. ಹೇಳಲಿ ಬಿಡಿ. ಗಾಯಗೊಂಡ ಹಂದಿಯನ್ನು ಕಾಡಿನಲ್ಲಿ ಬಿಟ್ಟು ಊಟಕ್ಕೆ ಓಡುವ ಗಂಡಸರ ತಪ್ಪನ್ನು ಸರಿಮಾಡಲು ಜೀವನವಿಡೀ ನಾಯಿ ಹಿಡಿದುಕೊಂಡು ರಕ್ತದ ಜಾಡು ಹುಡುಕಿದವಳಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು?

ಅವಳ ಅಪ್ಪ ಜೋಡುನಳಿಗೆಯ ಕೋವಿಯನ್ನು ಕಲಿಸಿದ್ದು ಅಡುಗೆಮನೆಯಲ್ಲಿ, ಖಾಲಿ ಕೋವಿ ಕೈಗೆ ಕೊಟ್ಟು. ಮುಂದಿನ ಟ್ರಿಗರ್ ಬಲನಳಿಗೆಗೆ, ಹಿಂದಿನದು ಎಡನಳಿಗೆಗೆ. ಕೆಲಸ ಮಾಡುವುದು ತೋರುಬೆರಳೊಂದೇ. ಮುಂದಿನದನ್ನು ಎಳೆದು, ಒದೆತ ತಡೆದುಕೊಂಡು, ಆಮೇಲೆ ಹಿಂದಿನದಕ್ಕೆ ಜಾರಬೇಕು. ನಡುಬೆರಳು ಅಲ್ಲಿ ಇಣುಕಿದರೆ ಗೆಣ್ಣಿಗೆ ಮರದ ಸೌಟಿನ ಏಟು. ದೊಡ್ಡ ಕೋವಿ ಒದ್ದಾಗ, ಹಿಂದಿನ ಟ್ರಿಗರ್ ಮೇಲೆ ಕಾದು ಕೂತ ಬೆರಳು ತನಗೇ ಗೊತ್ತಿಲ್ಲದೆ ಅದನ್ನೂ ಎಳೆದುಬಿಡುತ್ತದೆ. ಎರಡು ಗುಂಡೂ ಒಟ್ಟಿಗೆ ಹೋದ ಮೇಲೆ ಕೈಯಲ್ಲಿ ಉಳಿಯುವುದು ಬರೀ ಕೋಲು.

ಅವಳ ಗಂಡನ ಅಣ್ಣ ಲಾಂಬರ್ಟ್, ಬೇಟೆ ಸಂಘದ ಮುಖ್ಯಸ್ಥ, ಎರಡು ಬೆರಳು ಇಡುತ್ತಿದ್ದ. ಹಾಗೆ ಮಾಡಿದರೆ ಬೇಗ ಆಗುತ್ತದಂತೆ.

“ಆ ಬೆರಳು ತೆಗಿ ಲಾಂಬರ್ಟ್. ಒಂದಿನ ಯಾರದ್ದಾದ್ರೂ ಜೀವ ತೆಗೀತೀಯ.”

“ನೀನು ನಾಯಿಗೆ ಪಾಠ ಹೇಳಮ್ಮ, ನಂಗೆ ಬೇಡ,” ಎಂದು ಅವನು ನಗುತ್ತಿದ್ದ. ಜೊತೆಯವರೂ ಹಲ್ಲು ಕಿರಿಯುತ್ತಿದ್ದರು.

ಕಳೆದ ನವೆಂಬರ್‌ನ ಬೇಟೆಯಲ್ಲಿ ಈ ಮಹಾಶಯ ಒಂದು ಗಂಡುಹಂದಿಯ ಹೊಟ್ಟೆಗೆ ಹೊಡೆದ. ಹಂದಿ ರಕ್ತ ಸುರಿಸುತ್ತ ಕಾಡು ಸೇರಿತು. ಥೆಕ್ಲಾ ತನ್ನ ನಾಯಿ ಬೀರಾಳೊಂದಿಗೆ ಜಾಡು ಹಿಡಿದಳು. ಹೊಡೆದವನು ಜೊತೆಗೆ ಬರಬೇಕಾದ್ದು ವಾಡಿಕೆ, ಅವನೂ ಬಂದ. ಎಳೆಯ ಸ್ಪ್ರೂಸ್ ಮರಗಳ ನಡುವಿನಿಂದ ಹಂದಿ ನೇರ ಅವರ ಮೇಲೆ ನುಗ್ಗಿತು. ಲಾಂಬರ್ಟ್ ಕೋವಿ ಎತ್ತಿದ. ಎರಡು ನಳಿಗೆಯೂ ಒಂದೇ ಸದ್ದಿನಲ್ಲಿ ಸಿಡಿದವು, ಕೋವಿಯ ಮೂತಿ ಆಕಾಶಕ್ಕೆ ಎದ್ದಿತು, ಹಂದಿಗೆ ಒಂದೂ ತಗಲಲಿಲ್ಲ. ಖಾಲಿ ಕೋವಿ ಹಿಡಿದು ಅವನು ಬಾಯಿ ಬಿಟ್ಟುಕೊಂಡು ನಿಂತಾಗ ಅಡ್ಡ ಹಾರಿದವಳು ಬೀರಾ. ಕೋರೆ ಅವಳ ಹೊಟ್ಟೆಯನ್ನು ಸೀಳಿತು. ನಾಯಿ ಅಡ್ಡ ಇದ್ದುದರಿಂದ ಗುಂಡು ಹಾರಿಸಲಾಗದೆ ಥೆಕ್ಲಾ ಚಾಕುವಿನಿಂದಲೇ ಹಂದಿಯನ್ನು ಮುಗಿಸಿದಳು. ಬೀರಾ ಅವಳ ತೊಡೆಯ ಮೇಲೆ ಸತ್ತಳು.

ಸಂಜೆ ಬೇಟೆಯನ್ನೆಲ್ಲ ಸಾಲಾಗಿ ಮಲಗಿಸಿ ಕೊಂಬು ಊದಿದ ಮೇಲೆ ಲಾಂಬರ್ಟ್ ಎಲ್ಲರಿಗೂ ಕೇಳುವಂತೆ ಹೇಳಿದ: “ಪ್ರೀಮುಸ್ ಮಾಡಿಕೊಟ್ಟ ಕೋವಿ ನೋಡ್ರಪ್ಪ! ಒಂದು ಎಳೆದ್ರೆ ಎರಡೂ ಹಾರ್ತವೆ. ಪಾಪ, ನಾಯಿ ಹೋಯ್ತು.”

ಆ ಕೋವಿ ಮಾಡಿದ ಮುದುಕ ಪ್ರೀಮುಸ್ ಅಲ್ಲೇ ಇದ್ದ. ಅವನ ಮುಖ ಸುಣ್ಣ ಬಳಿದಂತಾಯಿತು.

ಥೆಕ್ಲಾಳಿಗೆ ಮೈಯೆಲ್ಲ ಉರಿದುಹೋಯಿತು. ನಾಯಿ ಸತ್ತದ್ದು ಸಾಲದು ಅಂತ ಈಗ ಸುಳ್ಳು ಬೇರೆ! ಅವನ ಕೋವಿಯನ್ನು ಕಿತ್ತುಕೊಂಡು ಮಡಚಿ, ಖಾಲಿ ನಳಿಗೆಗಳನ್ನು ಎಲ್ಲರಿಗೂ ತೋರಿಸಿ, ಮತ್ತೆ ಮುಚ್ಚಿ ಅವನ ಕೈಗೇ ತುರುಕಿದಳು.

“ಆ ಮರಕ್ಕೆ ಗುರಿಯಿಡು. ಹಂದಿ ಬರ್ತಿದೆ ಅಂದ್ಕೋ.”

“ಏನೇ ಇದು ನಾಟಕ?”

“ಎತ್ತು ಅಂದೆ!”

ಅವನು ಎತ್ತಿ ಹೆಗಲಿಗಿಟ್ಟ. ತೋರುಬೆರಳು ಮುಂದಿನ ಟ್ರಿಗರ್‌ಗೆ ಹೋಯಿತು. ಅದರ ಹಿಂದೆಯೇ ನಡುಬೆರಳು ಹಿಂದಿನದರ ಮೇಲೆ ಹೋಗಿ ಕೂತಿತು. ಎಲ್ಲರೂ ನೋಡಿದರು. ಆಗ ಒಬ್ಬನೂ ಹಲ್ಲು ಕಿರಿಯಲಿಲ್ಲ. ಲಾಂಬರ್ಟ್‌ಗೂ ತನ್ನ ಕೈ ಕಾಣಿಸಿತು, ಕೋವಿ ಕೆಳಗಿಳಿಸಿದ.

ಹೊಡೆದವನು ತನಗೆ ಸಿಕ್ಕ, ಬೇಟೆಯ ರಕ್ತ ಸವರಿದ ಸ್ಪ್ರೂಸ್ ಕುಡಿಯಲ್ಲಿ ಒಂದು ಚೂರನ್ನು ನಾಯಿ ನಡೆಸಿದವರಿಗೆ ಕೊಡುವುದು ಆ ಕಡೆಯ ಮರ್ಯಾದೆ. ಬೇಡವೆಂದವರನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡೇ ಅದನ್ನು ಚಾಚಿದ.

“ನಂಗೆ ಬೇಡ. ಬೀರಾನ್ನ ಹೂಳೋ ಗುಂಡಿಗೆ ಹಾಕು. ಗುಂಡಿನೂ ನೀನೇ ತೋಡು.” ಜೀಪಿನಿಂದ ಗುದ್ದಲಿ ತಂದು ಅವನ ಕಾಲ ಬಳಿ ಎಸೆದಳು. “ತಗೋ, ಇದಕ್ಕೆ ಬೇಕಾದ್ರೆ ಹತ್ತು ಬೆರಳೂ ಹಾಕು.”